5.5 ಕಿಲೋವ್ಯಾಟ್ ಮಷೀನು 20 ಎಂಎಂ ತೂತಿಗೆ ಯಾಕೆ ಸೋಲುತ್ತೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನ ಗೆಳೆಯನೊಬ್ಬನ ಸಣ್ಣ ಶೆಡ್ ಇದೆ. ಅವನೂ ಸೇರಿ 7 ಜನ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರಿಗೆ ಇವನು ಬಿಡಿಭಾಗ ಮಾಡಿಕೊಡ್ತಾನೆ. ಅಂದರೆ ಸರಪಳಿಯ ಮೂರನೇ ಕೊಂಡಿ. ಕಳೆದ ವರ್ಷ ಸಾಲ ಮಾಡಿ ಒಂದು ಸಿಎನ್‌ಸಿ ಮಷೀನು ತಂದ. ಕೊಟೇಶನ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ಸ್ಪಿಂಡಲ್ 5.5/7.5 ಕಿಲೋವ್ಯಾಟ್, 8000 ಆರ್‌ಪಿಎಂ’ ಅಂತ ಇತ್ತು. ಅದೇ ಶೆಡ್ಡಿನ ಮೂಲೆಯಲ್ಲಿ ಅವನ ಅಪ್ಪನ ಕಾಲದ ಗೇರ್ ಇರೋ ಡ್ರಿಲ್ಲಿಂಗ್ ಮಷೀನು ನಿಂತಿದೆ. ಅದರ ಮೋಟಾರು 3 ಎಚ್‌ಪಿ, ಅಂದರೆ 2.2 ಕಿಲೋವ್ಯಾಟ್.

ಬಂದ ಆರ್ಡರ್ ಏನಪ್ಪಾ ಅಂದ್ರೆ, 25 ಎಂಎಂ ದಪ್ಪದ ಎಂಎಸ್ ಪ್ಲೇಟಿನ ಫ್ಲ್ಯಾಂಜು, ಒಂದೊಂದಕ್ಕೆ 20 ಎಂಎಂನ 8 ತೂತು. ಹೊಸ ಮಷೀನಿಗೆ ಹಾಕಿದ. ಬೆಳಗ್ಗೆ ಹೊಸ ಬಿಟ್ಟಿನಲ್ಲಿ ಲೋಡ್ ಮೀಟರ್ 90 ತೋರಿಸ್ತಿತ್ತು. ಹನ್ನೊಂದು ಗಂಟೆಗೆ 110 ದಾಟಿತು. ಊಟದ ಹೊತ್ತಿಗೆ ಸ್ಪಿಂಡಲ್ ಮೋಟಾರು ಬಿಸಿಯಾಗಿ ಅಲಾರಂ ಹೊಡೆದು ನಿಂತಿತು. ಮೂಲೆಯ ಹಳೇ ಡ್ರಿಲ್ಲಿಗೆ ಹಾಕಿದರೆ, ಅದು ಗುರ್ ಅನ್ನುತ್ತಾ ಸಂಜೆವರೆಗೂ ತೂತು ಹೊಡೆಯಿತು. ‘ಏನೋ ಇದು, ಏಳೂವರೆ ಎಚ್‌ಪಿ ಮಷೀನು ಮೂರು ಎಚ್‌ಪಿ ಮುಂದೆ ಸೋಲೋದಾ? ನನಗೆ ಡಬ್ಬಾ ಮಷೀನು ಕಟ್ಟಿಬಿಟ್ರು’ ಅಂತ ರಾತ್ರಿ ಫೋನ್ ಮಾಡಿದ. ನಾನೂ ಅವನೂ ಒಟ್ಟಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರು. ನಾನು ಬರೆಯೋಕೆ ಬಂದೆ, ಅವನು ಕಬ್ಬಿಣದಲ್ಲೇ ಉಳಿದ. ಮಾರನೇ ದಿನ ಇಬ್ಬರೂ ಕೂತು, ಸಾಲ ತಗೊಳ್ಳೋ ಮುಂಚೆ ಮಾಡಬೇಕಿದ್ದ ಲೆಕ್ಕವನ್ನ ಮಾಡಿದೆವು.

ಮಷೀನು ಡಬ್ಬಾ ಅಲ್ಲ. ಡೀಲರ್ ಸುಳ್ಳು ಹೇಳಿರಲಿಲ್ಲ. ಆದರೆ ಕೊಟೇಶನ್‌ನಲ್ಲಿ ದಪ್ಪಗೆ ಬರೆದಿದ್ದ ಸಂಖ್ಯೆ ಅವನ ಕೆಲಸಕ್ಕೆ ಬೇಕಾದ ಸಂಖ್ಯೆ ಆಗಿರಲಿಲ್ಲ. ‘ಆತ್ಮನಿರ್ಭರ’, ‘ಎಂಎಸ್‌ಎಂಇಗೆ ಬೆಂಬಲ’ ಅಂತ ಭಾಷಣ ಕೇಳಿದಾಗೆಲ್ಲ ನಾವು ಸಾಲದ ಮೊತ್ತ, ಸಬ್ಸಿಡಿಯ ಶೇಕಡಾವಾರಿನ ಬಗ್ಗೆ ಚರ್ಚೆ ಮಾಡ್ತೀವಿ. ಆ ಸಾಲದಲ್ಲಿ ಬಂದ ಮಷೀನು 400 ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಕೊಡುತ್ತೆ ಅಂತ ಬ್ಯಾಂಕಿನವರೂ ಕೇಳಲ್ಲ, ಸಬ್ಸಿಡಿ ಕೊಡೋರೂ ಕೇಳಲ್ಲ. ಕೊನೆಗೆ ಕಂತು ಕಟ್ಟೋನು ಕೇಳಬೇಕು, ಅವನಿಗೆ ಯಾರೂ ಹೇಳಿಕೊಟ್ಟಿರಲ್ಲ.

ಲೆಕ್ಕ ಕಷ್ಟದ್ದಲ್ಲ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಒಂದು ಘನ ಸೆಂಟಿಮೀಟರ್ ಎಂಎಸ್ ಉಕ್ಕನ್ನ ಡ್ರಿಲ್ ಬಿಟ್ಟಿನಲ್ಲಿ ಕೆತ್ತಿ ತೆಗೆಯೋಕೆ ಹೆಚ್ಚುಕಮ್ಮಿ 2000ದಿಂದ 2500 ಜೂಲ್ ಶಕ್ತಿ ಬೇಕು. ಉಕ್ಕಿನ ಗ್ರೇಡು, ಬಿಟ್ಟಿನ ಮೊನೆ, ಫೀಡು, ಕೂಲೆಂಟು ನೋಡಿ ಆಚೀಚೆ ಆಗುತ್ತೆ. ಕೆಟ್ಟದ್ದನ್ನೇ ಹಿಡಿದು 2500 ಅಂತ ಇಟ್ಟುಕೊಳ್ಳೋಣ. ಅಲ್ಯೂಮಿನಿಯಂ ಆದರೆ ಇದರ ಮೂರನೇ ಒಂದು ಭಾಗ ಸಾಕು, ಬೀಡು ಕಬ್ಬಿಣಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸ್ಟೇನ್‌ಲೆಸ್ ಆದರೆ 2500ಕ್ಕಿಂತ ಹೆಚ್ಚೇ. ಇಡೀ ಲೆಕ್ಕದಲ್ಲಿ ಹೊರಗಿನಿಂದ ತರಬೇಕಾದ ಸಂಖ್ಯೆ ಇದೊಂದೇ. ಮಿಕ್ಕಿದ್ದೆಲ್ಲ ನಿಮ್ಮ ಮಷೀನಿನ ಮೇಲೇ ಇದೆ.

ಗೆಳೆಯ ಬಳಸ್ತಾ ಇದ್ದದ್ದು ಮಾಮೂಲಿ ಹೈಸ್ಪೀಡ್ ಸ್ಟೀಲ್ ಬಿಟ್ಟು. ಅದರ ಅಂಚು ಎಂಎಸ್‌ನಲ್ಲಿ ನಿಮಿಷಕ್ಕೆ 25 ಮೀಟರ್ ವೇಗದಲ್ಲಿ ಓಡಿದರೆ ಆರಾಮ. 20 ಎಂಎಂ ಬಿಟ್ಟಿನ ಸುತ್ತಳತೆ ಸುಮಾರು 63 ಎಂಎಂ. 25 ಮೀಟರನ್ನ ಅದರಿಂದ ಭಾಗಿಸಿದರೆ 400 ಆರ್‌ಪಿಎಂ ಬರುತ್ತೆ. ಐಟಿಐ ಓದಿದ ಯಾರಿಗಾದರೂ ಇಲ್ಲಿವರೆಗಿನ ಲೆಕ್ಕ ಗೊತ್ತಿರುತ್ತೆ. ಒಂದು ಸುತ್ತಿಗೆ ಬಿಟ್ಟು 0.25 ಎಂಎಂ ಇಳಿಯುತ್ತೆ ಅಂತಾದರೆ ನಿಮಿಷಕ್ಕೆ 100 ಎಂಎಂ. 20 ಎಂಎಂ ತೂತಿನ ವಿಸ್ತೀರ್ಣ 3.14 ಚದರ ಸೆಂಟಿಮೀಟರ್. ಹಾಗಾಗಿ ನಿಮಿಷಕ್ಕೆ 31.4 ಘನ ಸೆಂಟಿಮೀಟರ್ ಉಕ್ಕು ಹೊರಗೆ ಬರುತ್ತೆ. 2500ರಿಂದ ಗುಣಿಸಿದರೆ ನಿಮಿಷಕ್ಕೆ 78,500 ಜೂಲ್. 60ರಿಂದ ಭಾಗಿಸಿ: ಸುಮಾರು 1300 ವ್ಯಾಟ್. ಅಂದರೆ 1.3 ಕಿಲೋವ್ಯಾಟ್, ಅಷ್ಟೇ.

ಈ ಜೂಲ್ ಅನ್ನೋದು ಎಷ್ಟು ದೊಡ್ಡದು ಅಂತ ಅಂದಾಜು ಬೇಕಲ್ವಾ. 25 ಎಂಎಂ ಪ್ಲೇಟಿನಲ್ಲಿ ಅಂಥ ಒಂದು ತೂತಿಗೆ ಸುಮಾರು 19,600 ಜೂಲ್. 60 ಕೆಜಿಯ ಮನುಷ್ಯ 33 ಮೀಟರ್ ಎತ್ತರ ಹತ್ತೋ ಕೆಲಸಕ್ಕೆ ಸಮ. ಚಾಮುಂಡಿ ಬೆಟ್ಟದ ಮೆಟ್ಟಿಲು ಒಂದೊಂದು ಆರು ಇಂಚು ಅಂತ ಇಟ್ಟುಕೊಂಡರೆ 220 ಮೆಟ್ಟಿಲು. ಬಿಟ್ಟು ಅದನ್ನ 15 ಸೆಕೆಂಡಿನಲ್ಲಿ ಮಾಡುತ್ತೆ.

ಈಗ ಟಾರ್ಕ್. ಕಿಲೋವ್ಯಾಟನ್ನ 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ನ್ಯೂಟನ್ ಮೀಟರ್ ಬರುತ್ತೆ. 1.3 ಗುಣಿಸು 9550, ಭಾಗಿಸು 400: ಸುಮಾರು 31 ನ್ಯೂಟನ್ ಮೀಟರ್. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 3 ಕೆಜಿ ತೂಕ ನೇತುಹಾಕಿದ ಹಾಗೆ.

ಇದು ಹೊಸ ಬಿಟ್ಟಿನ ಲೆಕ್ಕ. ನಮ್ಮ ಶೆಡ್ಡುಗಳಲ್ಲಿ ಬಿಟ್ಟು ಹೊಸದಾಗಿರೋದು ಮೊದಲ ಅರ್ಧ ದಿನ ಮಾತ್ರ. ಅಂಚು ಮೊಂಡಾದಷ್ಟೂ ಕತ್ತರಿಸೋ ಬದಲು ಉಜ್ಜುತ್ತೆ, ಲೋಡು ಏರುತ್ತೆ. ಅದಕ್ಕೆ ನೂರಕ್ಕೆ 30ರಷ್ಟು ಸೇರಿಸಬೇಕು. ಆಗ ಸ್ಪಿಂಡಲ್‌ನಲ್ಲಿ 40 ನ್ಯೂಟನ್ ಮೀಟರ್, 1.7 ಕಿಲೋವ್ಯಾಟ್ ಆಯಿತು. ಗೇರು, ಬೆಲ್ಟು, ಬೇರಿಂಗು ತಮ್ಮ ಪಾಲು ತಿಂದ ಮೇಲೆ ಮೋಟಾರಿನ ಶಕ್ತಿಯಲ್ಲಿ ನೂರಕ್ಕೆ 80ರಷ್ಟು ಮಾತ್ರ ಬಿಟ್ಟಿಗೆ ತಲುಪುತ್ತೆ ಅಂದುಕೊಂಡರೆ ಮೋಟಾರು 2.1 ಕಿಲೋವ್ಯಾಟ್ ಇರಬೇಕು. ಮೂಲೆಯ ಹಳೇ ಮಷೀನು? 2.2. ಅದನ್ನ ಡಿಸೈನ್ ಮಾಡಿದವರು ಯಾರೋ ಇದೇ ಲೆಕ್ಕ ಮಾಡಿಯೇ ಕೂತಿದ್ದರು ಅನ್ನೋದು ಗೊತ್ತಾಗಿ ನಮಗಿಬ್ಬರಿಗೂ ಒಂಥರಾ ಖುಷಿಯಾಯಿತು.

ಹಾಗಾದರೆ 5.5 ಯಾಕೆ ಸೋತಿತು?

ಮೈಸೂರಿನವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಯೆಜ್ಡಿ ಓಡಿಸಿದ ಮಾವನೋ ಚಿಕ್ಕಪ್ಪನೋ ಪ್ರತಿ ಮನೆಯಲ್ಲೂ ಸಿಗ್ತಾರೆ. ಅವರನ್ನ ಕೇಳಿ: ಹಿಂದೆ ಇಬ್ಬರನ್ನ ಕೂರಿಸಿಕೊಂಡು ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಬೆಟ್ಟ ಹತ್ತೋಕಾಗುತ್ತಾ? ಇಂಜಿನ್ ಅದೇ, ಎಚ್‌ಪಿ ಅದೇ. ಆದರೆ ಚಕ್ರಕ್ಕೆ ಎಳೆಯೋ ಬಲ ಬರಬೇಕಾದರೆ ಗೇರು ಇಳಿಸಲೇಬೇಕು.

ಹಳೇ ಡ್ರಿಲ್ಲಿಗೆ ಗೇರು ಇದೆ. ಮೋಟಾರು 1440 ಆರ್‌ಪಿಎಂನಲ್ಲಿ ತನ್ನ ಪೂರ್ತಿ 2.2 ಕಿಲೋವ್ಯಾಟ್ ಕೊಡ್ತಾ ಇರುತ್ತೆ, ಗೇರು ಅದನ್ನ 400ಕ್ಕೆ ಇಳಿಸಿ ಟಾರ್ಕನ್ನ ಮೂರೂವರೆ ಪಟ್ಟು ಮಾಡುತ್ತೆ. ನಷ್ಟ ಕಳೆದು ಸ್ಪಿಂಡಲ್‌ನಲ್ಲಿ 42 ನ್ಯೂಟನ್ ಮೀಟರ್. ಹೊಸ ಸಿಎನ್‌ಸಿಗೆ ಗೇರಿಲ್ಲ, ಮೋಟಾರಿನಿಂದ ಸ್ಪಿಂಡಲ್‌ಗೆ ಒಂದಕ್ಕೊಂದು ಬೆಲ್ಟು. ಇಂಥ ಮೋಟಾರಿಗೆ ಒಂದು ‘ಬೇಸ್ ಸ್ಪೀಡ್’ ಇರುತ್ತೆ, ಗೆಳೆಯನ ಮಷೀನಿನಲ್ಲಿ ಅದು 1500. ಅದಕ್ಕಿಂತ ಮೇಲೆ ಪೂರ್ತಿ 5.5 ಕಿಲೋವ್ಯಾಟ್ ಸಿಗುತ್ತೆ. ಕೆಳಗೆ ಬಂದರೆ ಟಾರ್ಕ್ ಒಂದೇ ಮಟ್ಟದಲ್ಲಿ ನಿಂತುಬಿಡುತ್ತೆ, ಕಿಲೋವ್ಯಾಟ್ ಆರ್‌ಪಿಎಂ ಜೊತೆಗೇ ಇಳಿಯುತ್ತೆ. 5.5 ಗುಣಿಸು 9550, ಭಾಗಿಸು 1500: 35 ನ್ಯೂಟನ್ ಮೀಟರ್. ಇದೇ ಅದರ ಗರಿಷ್ಠ. 400 ಆರ್‌ಪಿಎಂನಲ್ಲಿ ಅದೇ 35ಕ್ಕೆ ಕಿಲೋವ್ಯಾಟ್ ಎಷ್ಟು? ಒಂದೂವರೆ ಕೂಡ ಇಲ್ಲ.

ನಮ್ಮ ಬಿಟ್ಟಿಗೆ ಬೇಕಾದ್ದು ಬೆಳಗ್ಗೆ 31, ಮಧ್ಯಾಹ್ನ 40. ಲೋಡ್ ಮೀಟರಿನ 90, 110 ಎಲ್ಲಿಂದ ಬಂತು ಅನ್ನೋದು ಈಗ ಗೊತ್ತಾಯಿತಲ್ಲ.

‘ಮತ್ತೆ 7.5 ಅಂತಲೂ ಬರೆದಿದ್ದಾರಲ್ಲೋ’ ಅಂದ ಗೆಳೆಯ. ಇಂಥ ಜೋಡಿ ಸಂಖ್ಯೆಯಲ್ಲಿ ಮೊದಲನೆಯದು ದಿನವಿಡೀ ಕೊಡೋದು, ಎರಡನೆಯದು ಸ್ವಲ್ಪ ಹೊತ್ತು ಕೊಡೋದು, ಸಾಮಾನ್ಯವಾಗಿ 30 ನಿಮಿಷ. 7.5ರ ಲೆಕ್ಕದಲ್ಲಿ 48 ನ್ಯೂಟನ್ ಮೀಟರ್ ಬರುತ್ತೆ ನಿಜ, ಅದಕ್ಕೇ ಮಷೀನು ಮೊದಲ ತೂತಿಗೇ ನಿಲ್ಲಲಿಲ್ಲ. ಎಳೆದು ಎಳೆದು ಬಿಸಿಯಾಗಿ ಆಮೇಲೆ ನಿಂತಿತು. ಆ 30 ನಿಮಿಷದ ಮಾತು ಕೊಟೇಶನ್‌ನಲ್ಲಿ ಇರಲಿಲ್ಲ, ಮ್ಯಾನುಯಲ್‌ನಲ್ಲಿತ್ತು. ಮ್ಯಾನುಯಲ್ ಬಂದದ್ದು ಮಷೀನಿನ ಜೊತೆಗೆ, ಸಾಲಕ್ಕೆ ಸಹಿ ಬಿದ್ದ ಮೇಲೆ.

ಇನ್ನೂ ಅತಿಯಾದ ಉದಾಹರಣೆ ಬೇಕಾ? ಮರ, ಪ್ಲಾಸ್ಟಿಕ್ ಕೊರೆಯೋ ರೌಟರ್‌ಗಳಿಗೆ ಹಾಕೋ ಸ್ಪಿಂಡಲ್ 2.2 ಕಿಲೋವ್ಯಾಟ್, 24,000 ಆರ್‌ಪಿಎಂ ಅಂತ ಮಾರ್ತಾರೆ. ಹಳೇ ಡ್ರಿಲ್ಲಿನದ್ದೂ 2.2 ಕಿಲೋವ್ಯಾಟೇ. ರೌಟರಿನ ಟಾರ್ಕ್ ಲೆಕ್ಕ ಹಾಕಿ: 0.9 ನ್ಯೂಟನ್ ಮೀಟರ್. ಉಕ್ಕಿಗೆ 20 ಎಂಎಂ ಬಿಟ್ಟು ಇಟ್ಟರೆ ಅಲ್ಲೇ ನಿಂತುಹೋಗುತ್ತೆ.

ಇನ್ನೊಂದು ವಿಷಯ ನೆನಪಿಡಬೇಕು. ಒಂದೇ ಫೀಡಿನಲ್ಲಿ ಟಾರ್ಕ್ ಏರೋದು ಬಿಟ್ಟಿನ ವ್ಯಾಸದ ವರ್ಗಕ್ಕೆ ತಕ್ಕಂತೆ. 10 ಎಂಎಂಗೆ 8 ನ್ಯೂಟನ್ ಮೀಟರ್ ಸಾಕಾದರೆ 20ಕ್ಕೆ 31, 25ಕ್ಕೆ 49, 40ಕ್ಕೆ 125. ‘12 ಎಂಎಂ ಬೆಣ್ಣೆ ಥರ ಹೊಡೀತು ಸಾರ್, 25ಕ್ಕೂ ತಗೊಳ್ಳುತ್ತೆ’ ಅನ್ನೋ ಡೆಮೋ ಮಾತನ್ನ ನಂಬಬಾರದು ಅನ್ನೋದು ಇದಕ್ಕೇ.

ಈ ಲೆಕ್ಕ ಹೊಸದೇನಲ್ಲ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕೇಂದ್ರ ಸರ್ಕಾರದ ಸಿಎಂಟಿಐ ಇದೆ, 1962ರಲ್ಲಿ ಶುರುವಾದದ್ದು. ಅವರು ಇಂಗ್ಲಿಷಿನಲ್ಲಿ ತಂದ ಮಷೀನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್‌ನಲ್ಲಿ ಡ್ರಿಲ್ಲಿಂಗಿಗೆ ಬೇಕಾದ ಪವರ್, ಟಾರ್ಕ್, ಒತ್ತುವ ಬಲ ಮೂರಕ್ಕೂ ಸೂತ್ರ ಇದೆ, ಲೋಹಕ್ಕೊಂದು ಗುಣಕದ ಸಮೇತ. ಇಂಜಿನಿಯರಿಂಗ್ ಕಾಲೇಜಿನ ಲೈಬ್ರರಿಗಳಲ್ಲಿ ಅದನ್ನ ನೋಡಿದ್ದೀನಿ. ಡ್ರಿಲ್ಲಿನ ಮುಂದೆ ನಿಲ್ಲೋರ ಕೈಯಲ್ಲಿ ನೋಡಿಲ್ಲ.

ದಾರಿ ಇತ್ತಾ ಅಂದ್ರೆ, ಇತ್ತು. ಎರಡು.

ಒಂದು, ಮೊದಲು 10 ಎಂಎಂ ತೂತು ಹೊಡೆದು ಆಮೇಲೆ 20 ಹಾಕೋದು. ಆಗ ದೊಡ್ಡ ಬಿಟ್ಟಿನ ಪಾಲಿಗೆ ಉಕ್ಕಿನ ನಾಲ್ಕನೇ ಮೂರು ಭಾಗ ಮಾತ್ರ ಉಳಿಯುತ್ತೆ, ಟಾರ್ಕ್ 23ಕ್ಕೆ ಇಳಿಯುತ್ತೆ, ಬಿಟ್ಟು ಸವೆದರೂ 30ರ ಆಸುಪಾಸು. 35ರೊಳಗೆ ಬಂತು. ಇನ್ನೊಂದು ಲಾಭವೂ ಇದೆ. ಬಿಟ್ಟಿನ ನಟ್ಟನಡುವಿನ ಮೊಂಡು ಮೊನೆ ಕತ್ತರಿಸಲ್ಲ, ಲೋಹವನ್ನ ಒತ್ತಿ ಪಕ್ಕಕ್ಕೆ ತಳ್ಳುತ್ತೆ. 20 ಎಂಎಂ ಬಿಟ್ಟಿಗೆ ಬೇಕಾಗೋ ಸುಮಾರು ಅರ್ಧ ಟನ್ ಒತ್ತಡದಲ್ಲಿ ದೊಡ್ಡ ಪಾಲು ಅದರದ್ದೇ. ಮೊದಲೇ ತೂತಿದ್ದರೆ ಅದು ಇಲ್ಲವಾಗುತ್ತೆ. ಗೆಳೆಯ ಇದನ್ನೇ ಮಾಡಿ ಆರ್ಡರ್ ಮುಗಿಸಿದ. ಆದರೆ ಪ್ರತಿ ತೂತಿಗೆ ಎರಡು ಸಲ ಇಳಿಯಬೇಕು, ನಡುವೆ ಟೂಲ್ ಬದಲಾಗಬೇಕು. ಸಮಯ ಹತ್ತಿರ ಹತ್ತಿರ ಎರಡರಷ್ಟು. ಅವನಿಗೆ ದುಡ್ಡು ಬರೋದು ತೂತಿನ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಬ್ಯಾಂಕಿನ ಕಂತು ಮಾತ್ರ ತಿಂಗಳ ಲೆಕ್ಕದಲ್ಲಿ.

ಎರಡು, ಕಾರ್ಬೈಡ್ ಬಿಟ್ಟು. ಅದು ನಿಮಿಷಕ್ಕೆ 80 ಮೀಟರ್ ಓಡಬಲ್ಲದು, ಹಾಗಾಗಿ 1270 ಆರ್‌ಪಿಎಂ. ಸುತ್ತಿಗೆ 0.2 ಎಂಎಂ ಇಳಿಸಿದರೆ ನಿಮಿಷಕ್ಕೆ 80 ಘನ ಸೆಂಟಿಮೀಟರ್, 3.3 ಕಿಲೋವ್ಯಾಟ್, ಟಾರ್ಕ್ 25. ಸವೆತ ಸೇರಿಸಿದರೂ 4.3 ಕಿಲೋವ್ಯಾಟ್, 32 ನ್ಯೂಟನ್ ಮೀಟರ್. ಮಷೀನಿನ ಮಿತಿಯೊಳಗೆ ಸರಿಯಾಗಿ ಕೂರುತ್ತೆ. 15 ಸೆಕೆಂಡಿನ ತೂತು 6 ಸೆಕೆಂಡಿಗೆ ಮುಗಿಯುತ್ತೆ. ಈ ಮಷೀನು ಹುಟ್ಟಿರೋದೇ ಇಂಥ ಬಿಟ್ಟಿಗೆ. ಆದರೆ ಆ ಬಿಟ್ಟಿನ ಬೆಲೆ ಮಾಮೂಲಿ ಬಿಟ್ಟಿನ ಹಲವು ಪಟ್ಟು, ಕೂಲೆಂಟ್ ಸರಿಯಾಗಿ ಬೀಳಬೇಕು, ಒಂದು ಸಲ ಚಿಪ್ ಎದ್ದರೆ ಗ್ರೈಂಡರಿನಲ್ಲಿ ಕೈಯಲ್ಲೇ ಚೂಪು ಮಾಡಿಕೊಳ್ಳೋಕಾಗಲ್ಲ. ಇದರ ಖರ್ಚು ಯಾವ ಸಾಲದ ಅರ್ಜಿಯಲ್ಲೂ ಇರಲಿಲ್ಲ.

‘ಇಷ್ಟೆಲ್ಲಾ ತಲೆನೋವು ಯಾಕೆ, 15 ಎಚ್‌ಪಿದು ತಗೊಂಡುಬಿಟ್ರೆ ಆಯ್ತಪ್ಪ’ ಅನ್ನೋರಿದ್ದಾರೆ. ಅವರು ಚೆಸ್ಕಾಂ ಬಿಲ್ಲು ನೋಡಬೇಕು. ಸಣ್ಣ ಕೈಗಾರಿಕೆಯ ಸಂಪರ್ಕಕ್ಕೆ ಮಂಜೂರಾದ ಲೋಡಿನ ಎಚ್‌ಪಿ ಲೆಕ್ಕದಲ್ಲಿ ತಿಂಗಳು ತಿಂಗಳೂ ನಿಗದಿತ ಶುಲ್ಕ ಬೀಳುತ್ತೆ. ಮಷೀನು ಓಡಲಿ, ಬಟ್ಟೆ ಹೊದ್ದು ನಿಂತಿರಲಿ, ಅದು ಬೀಳುತ್ತೆ. ಯೂನಿಟ್ಟಿನ ದುಡ್ಡು ಬೇರೆ. 2023ರಲ್ಲಿ ಕೆಇಆರ್‌ಸಿ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿದಾಗ ಜೂನ್ 22ರಂದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಉದ್ದಿಮೆಯವರು ಬಾಗಿಲು ಹಾಕಿ ಪ್ರತಿಭಟಿಸಿದ್ದು ನೆನಪಿರಬಹುದು. ಆಗ ‘ಉದ್ಯಮಪತಿಗಳ ಗಲಾಟೆ’ ಅಂತ ನಾವೆಷ್ಟೋ ಜನ ಮುಂದಕ್ಕೆ ಸ್ಕ್ರಾಲ್ ಮಾಡಿದೆವು. 7 ಜನರ ಶೆಡ್ಡಿನವನೂ ಆ ಪದದೊಳಗೇ ಬರ್ತಾನೆ ಅನ್ನೋದು ನನಗೆ ಆಗ ಹೊಳೆದಿರಲಿಲ್ಲ. ಟಾರ್ಕ್ ಬೇಕಾದಲ್ಲಿ ಗೇರಿರೋ ಸಣ್ಣ ಮೋಟಾರು ಸಾಕು. ಅದು ಗೊತ್ತಿಲ್ಲದೆ ದೊಡ್ಡ ಮೋಟಾರು ತಂದರೆ, ಉಪಯೋಗಿಸದ ಎಚ್‌ಪಿಗೆ ವರ್ಷಗಟ್ಟಲೆ ಬಾಡಿಗೆ ಕಟ್ಟಿದ ಹಾಗೆ.

ಇದು ಮಾಲೀಕನ ಕಥೆ. ಡ್ರಿಲ್ಲಿನ ಮುಂದೆ ನಿಲ್ಲೋ ಹುಡುಗನದ್ದು ಬೇರೆ.

ಹಳೇ ಗೇರ್ ಡ್ರಿಲ್ಲನ್ನ ಇಷ್ಟು ಹೊತ್ತು ಹೊಗಳಿದೆ. ಅದರ ಇನ್ನೊಂದು ಮುಖವನ್ನೂ ಹೇಳಬೇಕು. 42 ನ್ಯೂಟನ್ ಮೀಟರ್ ಅನ್ನೋದು ಅದರ ಮಾಮೂಲಿ ಓಟದ ಟಾರ್ಕ್. ಬಿಟ್ಟು ಸಿಕ್ಕಿಹಾಕಿಕೊಂಡರೆ ಇಂಥ ಇಂಡಕ್ಷನ್ ಮೋಟಾರು ನಿಲ್ಲೋ ಮುಂಚೆ ಎರಡರಿಂದ ಎರಡೂವರೆ ಪಟ್ಟು ಎಳೆಯುತ್ತೆ, ಅಂದರೆ 100ರ ಹತ್ತಿರ. ಬಿಟ್ಟು ಸಿಕ್ಕಿಕೊಳ್ಳೋದು ಹೆಚ್ಚಾಗಿ ತೂತು ಆಚೆ ಕಡೆ ಹೊರಬೀಳೋ ಕ್ಷಣದಲ್ಲಿ. ಒತ್ತೋಕೆ ಲೋಹ ಉಳಿದಿರಲ್ಲ, ಬಿಟ್ಟು ಸ್ಕ್ರೂ ಥರ ಒಳಕ್ಕೆ ಎಳೆದುಕೊಂಡು ಜಾಬನ್ನೇ ತಿರುಗಿಸಿಬಿಡುತ್ತೆ. ಆ ಪ್ಲೇಟನ್ನ ಹುಡುಗ 20 ಸೆಂಟಿಮೀಟರ್ ದೂರದಲ್ಲಿ ಕೈಯಲ್ಲಿ ಹಿಡಿದಿದ್ದರೆ, ಕೈಗೆ ಬೀಳೋದು 50 ಕೆಜಿ ತೂಕದಷ್ಟು ಹೊಡೆತ. ಯಾರೂ ತಡೆಯೋಕಾಗಲ್ಲ. ಗ್ಲೌಸ್ ಹಾಕಿದ್ದರೆ ಇನ್ನೂ ಅಪಾಯ, ಬಟ್ಟೆ ಸುತ್ತಿಕೊಂಡು ಬೆರಳೂ ಜೊತೆಗೆ ಹೋಗುತ್ತೆ. ಡಿಪ್ಲೊಮಾ ಮುಗಿಸಿ ನಾನು ಕೆಲಸ ಮಾಡಿದ ಒಂದು ಕಡೆ ಇಂಥದ್ದನ್ನ ಕಣ್ಣಾರೆ ನೋಡಿದ್ದೀನಿ. ‘ಸಣ್ಣ ತೂತಲ್ವಾ, ಕೈಯಲ್ಲೇ ಹಿಡ್ಕೊಳ್ಳೋ’ ಅಂದಿದ್ದರು ಮೇಸ್ತ್ರಿ. ಹುಡುಗನ ಮಣಿಕಟ್ಟು ಮುರಿದಿತ್ತು. ‘ಅವನದೇ ಅಜಾಗರೂಕತೆ’ ಅಂತ ಬರೆದುಕೊಂಡರು. 31, 42, 100 ಅನ್ನೋ ಸಂಖ್ಯೆ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಅವನು ‘ಕ್ಲ್ಯಾಂಪ್ ಕೊಡಿ, ಇಲ್ಲಾಂದ್ರೆ ಹೊಡೆಯಲ್ಲ’ ಅಂತಿದ್ದನೋ ಇಲ್ಲವೋ. ಅನ್ನೋಕೆ ಒಂದು ಆಧಾರವಾದರೂ ಇರ್ತಿತ್ತು.

ಕಾನೂನಿನಲ್ಲಿ ಆಧಾರ ಇತ್ತು. 1948ರ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ಸೇರಿದ 111ಎ ಕಲಂ, ತನ್ನ ಸುರಕ್ಷತೆಗೆ ಸಂಬಂಧಪಟ್ಟ ಮಾಹಿತಿ ಕೇಳಿ ಪಡೆಯೋ ಹಕ್ಕನ್ನ ಕಾರ್ಮಿಕರಿಗೆ ಕೊಟ್ಟಿತ್ತು. ಆದರೆ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗ್ತಿದ್ದದ್ದು ವಿದ್ಯುತ್ ಬಳಸಿ 10 ಜನ ಕೆಲಸ ಮಾಡೋ ಕಡೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ‘ಕಾರ್ಖಾನೆ’ ಅನ್ನಿಸಿಕೊಳ್ಳೋಕೆ 20 ಜನ ಬೇಕು. 10ರಿಂದ 19 ಜನ ಇರೋ ಶೆಡ್ಡುಗಳು ಸಂಹಿತೆಯ ಒಳಗೆ ‘ಸಂಸ್ಥೆ’ಯಾಗಿ ಉಳಿಯುತ್ತವೆ ನಿಜ, ಆದರೆ ಕಾರ್ಖಾನೆಗೆ ಅಂತಲೇ ಇರೋ ನಿಯಮಗಳ ಬಿಗಿ ಅವಕ್ಕಿಲ್ಲ. ನನ್ನ ಗೆಳೆಯನ 7 ಜನ ಹಳೆಯದರಲ್ಲೂ ಇರಲಿಲ್ಲ, ಹೊಸದರಲ್ಲೂ ಇಲ್ಲ. ಹೆಬ್ಬಾಳ, ಮೇಟಗಳ್ಳಿ ಕಡೆಯ ಅಡ್ಡರಸ್ತೆಗಳಲ್ಲಿ ಒಮ್ಮೆ ನಡೆದು ನೋಡಿ. ಇಂಥ ಶೆಡ್ಡುಗಳು ಬೇಕಾದಷ್ಟು ಸಿಗ್ತವೆ.

ಗೆಳೆಯ ಈಗ ಹಳೇ ಡ್ರಿಲ್ಲಿನ ಕಂಬದ ಮೇಲೆ ಪೇಂಟಿನಲ್ಲಿ ಬರೆಸಿದ್ದಾನೆ: ಬಿಟ್ಟಿನ ಸೈಜು, ಆರ್‌ಪಿಎಂ, ಟಾರ್ಕು, ಪಕ್ಕದಲ್ಲಿ ‘ಕೈಯಲ್ಲಿ ಹಿಡಿದರೆ ಎಷ್ಟು ಕೆಜಿ’ ಅಂತ ಇನ್ನೊಂದು ಸಾಲು. ಆ ಕೊನೇ ಸಾಲು ಅಲ್ಲಿನ ಹುಡುಗನೊಬ್ಬನ ಐಡಿಯಾ. ಟೇಬಲ್ಲಿಗೆ ಎರಡು ಹೊಸ ಕ್ಲ್ಯಾಂಪ್ ಬಂದಿವೆ.

ಹೋದ ತಿಂಗಳು ಇನ್ನೊಬ್ಬ ಡೀಲರ್ ಬಂದಿದ್ದರಂತೆ. ‘ಎಕ್ಸ್‌ಚೇಂಜಲ್ಲಿ ಕೊಡಿ ಸಾರ್, ಹೊಸ ಮಾಡೆಲ್, ಅದೇ 5.5 ಕಿಲೋವ್ಯಾಟ್, ಆದ್ರೆ 10,000 ಆರ್‌ಪಿಎಂ.’ ಇವನು ‘400ರಲ್ಲಿ ಟಾರ್ಕ್ ಎಷ್ಟು ಸಾರ್?’ ಅಂದ. ಅವರು ಸ್ವಲ್ಪ ಹೊತ್ತು ನೋಡಿ, ‘ಕೇಳಿ ಹೇಳ್ತೀನಿ ಸಾರ್’ ಅಂದು ಹೋದರಂತೆ. ಎರಡು ದಿನ ಬಿಟ್ಟು ವಾಟ್ಸಾಪ್‌ನಲ್ಲಿ ಗ್ರಾಫ್ ಬಂತು. ಬೇಸ್ ಸ್ಪೀಡ್ 2000. ಟಾರ್ಕ್ 26. ಗೆಳೆಯ ಅದನ್ನ ನನಗೆ ಫಾರ್ವರ್ಡ್ ಮಾಡಿ ಕೆಳಗೆ ಒಂದೇ ಪದ ಟೈಪ್ ಮಾಡಿದ್ದ: ‘ಬೇಡ.’